ಡೋಣಿಗೂ ಒಂದು ಕಾಲಂ ಬೇಕು

ಬ್ಲಾಗಿನ ಕಡೆ ಬಂದು ಎರಡು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸು, ಊರಲ್ಲಿ ಹೊಲದ ಪಂಚಾಯ್ತಿ. ರಿಲೀಸು ಹೇಗೋ ಮುಗೀತು, ಹೊಲದ್ದು ಮುಗಿದಿಲ್ಲ. ಬರೆದಾದರೂ ಹಗುರಾಗೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಚಹಾ ತಗೊಂಡು ಕೂತ್ಕೊಳ್ಳಿ :-)

ಒಂದೇ ವಾರದಲ್ಲಿ ಬಂದ ಎರಡು ಫೋನುಗಳಿಂದ ಶುರು ಮಾಡ್ತೀನಿ.

ಮೊದಲನೇದು ಮೆಲ್ಬರ್ನ್‌ನಿಂದ. ಇಂಜಿನಿಯರಿಂಗಿನಲ್ಲಿ ನಾಲ್ಕು ವರ್ಷ ನನ್ನ ಪಕ್ಕದ ಬೆಂಚಿನಲ್ಲಿ ಕೂತವನು, ಇಂಡಿ ಕಡೆಯವನು. ಅಲ್ಲಿ ಊರ ಹೊರಗೆ ಸೈಟು ತಗೊಂಡು ಮನೆ ಕಟ್ಟಿಸಬೇಕು ಅಂತ ಓಡಾಡ್ತಿದ್ದಾನೆ. "ಲೇ, ಇಲ್ಲಿ ಮನಿ ಕಟ್ಟೂಕಿಂತ ಮದಿವಿ ಮಾಡ್ಕೊಳ್ಳೂದು ಸಸಾರ ನೋಡಲೇ" ಅಂತ ಶುರು ಮಾಡಿದ. ಏನಾಯ್ತು ಅಂದ್ರೆ, ಅವನು ನೋಡಿರೋ ಜಾಗ ಕಾಡ್ಗಿಚ್ಚು ಬರುವ ಪ್ರದೇಶದಲ್ಲಿದೆಯಂತೆ. ಅದನ್ನ ಅವನು ಹುಡುಕಿ ತಿಳಕೊಂಡಿದ್ದಲ್ಲ. ಮಾರುವವನು ಕೊಟ್ಟ ಕಾಗದದಲ್ಲೇ ಬರೆದಿತ್ತು. ಅಲ್ಲಿ ಮಾರುವವನು ಹೇಳಲೇಬೇಕು, ಕಾನೂನು. ಆಮೇಲೆ ಒಬ್ಬ ಪರಿಣತ ಬಂದು ಸುತ್ತಲಿನ ಗಿಡಗಂಟೆ, ಹುಲ್ಲು, ನೆಲದ ಇಳಿಜಾರು, ಕಾಡಿನಿಂದ ಎಷ್ಟು ದೂರ ಎಲ್ಲ ಅಳೆದು 'ಬುಶ್‌ಫೈರ್ ಅಟ್ಯಾಕ್ ಲೆವೆಲ್' ಅಂತ ಒಂದು ದರ್ಜೆ ಕೊಟ್ಟು ಹೋದ. ಒಟ್ಟು ಆರು ದರ್ಜೆ. ದರ್ಜೆ ಮೇಲೆ ಹೋದಷ್ಟೂ ಕಿಟಕಿ ಗಾಜು ಬೇರೆ, ಬಾಗಿಲು ಬೇರೆ, ಕಿಡಿ ಒಳಗೆ ಬಾರದ ಹಾಗೆ ಸಣ್ಣ ಕಣ್ಣಿನ ಜಾಳಿಗೆ ಬೇರೆ. ಖರ್ಚು ಜಾಸ್ತಿ. "ಬೆಂಕಿ ಬರ್ತದೋ ಇಲ್ಲೋ ಗೊತ್ತಿಲ್ಲ, ರೊಕ್ಕ ಅಂತೂ ಹೊಂಟಾವು" ಅಂತ ಗೊಣಗಿದ. ನಾನು ನಕ್ಕೆ.

ಎರಡನೇದು ಅಪ್ಪನ ಫೋನು. "ತಮ್ಮಾ, ಹಳ್ಳದ ಹೊಲಕ್ಕ ಗಿರಾಕಿ ಬಂದಾರ. ಎನ್.ಎ. ಮಾಡಿಸಿ ಪ್ಲಾಟ್ ಹಾಕ್ತಾರಂತ. ಕಾಕಾ ಹೂಂ ಅಂದಾನ. ನೀ ಏನಂತಿ?"

ಈ ಸಲ ನಗು ಬರಲಿಲ್ಲ.

ನಮ್ಮೂರು ಮೊದಲು ಮುದ್ದೇಬಿಹಾಳ ತಾಲೂಕಿನಲ್ಲಿತ್ತು, ಈಗ ತಾಳಿಕೋಟೆ ತಾಲೂಕು. ಊರ ಹೊರಗೆ ಡೋಣಿ. ಗೊತ್ತಿಲ್ಲದವರಿಗೆ ಎರಡು ಮಾತು: ಡೋಣಿ ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯ ಎರಿ ಹೊಲಗಳ ನಡುವೆ ಹರಿದು, ತಾಳಿಕೋಟೆ ದಾಟಿ ಕೃಷ್ಣೆ ಸೇರುತ್ತೆ. ನೀರು ಉಪ್ಪು. ಬೇಸಿಗೇಲಿ ನೋಡಿದ್ರೆ ಇದನ್ನ ನದಿ ಅಂತೀರಾ ಅಂತ ಕೇಳ್ತೀರಿ. ಆದ್ರೆ ಡೋಣಿ ಹರಿದರೆ ಓಣಿ ತುಂಬ ಜೋಳ ಅಂತ ನಮ್ಮ ಕಡೆ ಮಾತಿದೆ. ಸುಮ್ಮನೆ ಹುಟ್ಟಿದ ಮಾತಲ್ಲ. ಹೊಳೆ ಹೊಲದ ಮೇಲೆ ಹರಡಿ ಹೊಸ ಮಣ್ಣು ಬಿಟ್ಟು ಹೋಗ್ತಿತ್ತು, ಹಿಂಗಾರಿಗೆ ಬಿಳಿಜೋಳ ಆಳೆತ್ತರ ಬರ್ತಿತ್ತು. ಅಂದ್ರೆ ಈ ನೆಲ ಫಲವತ್ತಾದದ್ದೇ ಹೊಳೆ ದಂಡೆ ದಾಟಿ ಬಂದಿದ್ದಕ್ಕೆ. ಈಗ ಡೋಣಿಯ ಪಾತ್ರದಲ್ಲಿ ಹೂಳು ತುಂಬಿ, ಜಾಲಿ ಬೆಳೆದು, ಸ್ವಲ್ಪ ಜೋರು ಮಳೆಯಾದ್ರೂ ನೀರು ಹೊಲಕ್ಕೆ ನುಗ್ಗುತ್ತೆ.

ನಮ್ಮ ಹಳ್ಳದ ಹೊಲ 4 ಎಕರೆ 12 ಗುಂಟೆ. ಉತಾರದ 9ನೇ ಕಾಲಂನಲ್ಲಿ ಅಪ್ಪ, ಕಾಕಾ ಇಬ್ಬರ ಹೆಸರೂ ಇದೆ. ಒಂದು ಬದಿ ಡಾಂಬರು ರಸ್ತೆ, ಇನ್ನೊಂದು ಬದಿ ಡೋಣಿ. ರಸ್ತೆ ಇರೋದಕ್ಕೇ ಗಿರಾಕಿ ಬಂದಿರೋದು.

2009ರಲ್ಲಿ ನನಗೆ 11 ವರ್ಷ. ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ಉತ್ತರ ಕರ್ನಾಟಕದ ತುಂಬ ಮನೆ ಬಿದ್ದವು, ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳು, ಗೋಡೆ ನೆನೆದು ನೆನೆದು ಕುಸಿದವು. ನಾವು ಶಾಲೆಯಲ್ಲಿ ಮೂರು ರಾತ್ರಿ ಮಲಗಿದ್ವಿ. ಮಳೆ ನಿಂತ ಮೇಲೆ ಅಪ್ಪ ನನ್ನ ಕರಕೊಂಡು ಹೊಲಕ್ಕೆ ಹೋದ. ಹಳ್ಳದ ಬದಿಯ ಜಾಲಿ ಗಿಡದ ಟೊಂಗೆಯಲ್ಲಿ ಯಾರದೋ ಹೊಲದ ಕಣಕಿ, ಒಂದು ಪ್ಲಾಸ್ಟಿಕ್ ಕೊಡ ಸಿಕ್ಕಿ ಹಾಕಿಕೊಂಡಿತ್ತು. ಅಪ್ಪ ಅದರ ಕೆಳಗೆ ನಿಂತ. ಅವನ ಎದೆ ಮಟ್ಟಕ್ಕಿತ್ತು. ರಸ್ತೆ ಕಡೆಗೆ ಬಂದ ಹಾಗೆ ಸೊಂಟ, ಮೊಣಕಾಲು. ಇಡೀ ಹೊಲದಲ್ಲಿ ನೀರು ಮುಟ್ಟದ ಜಾಗ ಅಂದ್ರೆ ರಸ್ತೆಗೆ ಹತ್ತಿದ ನಾಲ್ಕೈದು ಗುಂಟೆ ಅಷ್ಟೇ.

ಆ ಜಾಗದಲ್ಲಿ ಈಗ ಎಂಬತ್ತು ಮನೆ ಬರುತ್ತವೆ ಅಂತ ಗಿರಾಕಿ ನಕ್ಷೆ ಮಾಡಿಸಿಕೊಂಡು ಬಂದಿದ್ದಾನೆ. ಜಾಲಿ ಗಿಡ ಇರೋ ಕಡೆ ಮೂಲೆ ಪ್ಲಾಟಂತೆ, ರೇಟು ಜಾಸ್ತಿ.

ನಾನು ಊರಿಗೆ ಹೋದಾಗ ಏಜೆಂಟ್ ಕಾಗದ ಎಲ್ಲ ತೋರಿಸಿದ. ತಪ್ಪು ತಿಳೀಬೇಡಿ, ಆತ ಕಳ್ಳ ಅಲ್ಲ. ಎಲ್ಲ ಕಾನೂನು ಪ್ರಕಾರ ಮಾಡುವವನು, ಅದೇ ನನ್ನ ತಲೆನೋವು. ಭೂಕಂದಾಯ ಕಾಯ್ದೆ 95ನೇ ಕಲಂ ಪ್ರಕಾರ ಎನ್.ಎ., ಆಮೇಲೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಲೇಔಟ್ ನಕ್ಷೆಗೆ ಮಂಜೂರಿ, ಆಮೇಲೆ ಇ-ಸ್ವತ್ತು, ಆಮೇಲೆ ಕಾವೇರಿಯಲ್ಲಿ ನೋಂದಣಿ. ಅರ್ಜಿ ಆನ್‌ಲೈನ್, ಜತೆಗೆ ನಾವು ಕೊಡೋ ಅಫಿಡವಿಟ್. ಆ ಕರಡು ಅಫಿಡವಿಟ್ ನಾನು ಎರಡು ಸಲ ಓದಿದೆ. ಈ ಜಮೀನು ಸರ್ಕಾರದ್ದಲ್ಲ. ಕೋರ್ಟಿನಲ್ಲಿ ತಂಟೆ ಇಲ್ಲ. ಭೂಸ್ವಾಧೀನದಲ್ಲಿಲ್ಲ. ಹಳ್ಳ, ದಾರಿ ಇರೋ ಬಿ ಖರಾಬು ಒತ್ತುವರಿ ಮಾಡಿಲ್ಲ. ಎಲ್ಲಾ ನಿಜ. ಅಪ್ಪ ಕಣ್ಣು ಮುಚ್ಚಿ ಸಹಿ ಮಾಡಬಹುದು. ಒಂದೇ ಒಂದು ಸುಳ್ಳೂ ಹೇಳಬೇಕಾಗಿಲ್ಲ.

ಯಾಕಂದ್ರೆ 'ಇಲ್ಲಿ ನೀರು ನಿಲ್ಲುತ್ತಾ?' ಅನ್ನೋ ಪ್ರಶ್ನೆ ಆ ಕಾಗದದಲ್ಲಿ ಇರಲೇ ಇಲ್ಲ.

ನಾನು ಸಾಫ್ಟ್‌ವೇರಿನವನು. ಫಾರ್ಮು ಮಾಡೋದೇ ನನ್ನ ಹೊಟ್ಟೆಪಾಡು. ಫಾರ್ಮಿನಲ್ಲಿ ಯಾವ ಫೀಲ್ಡ್ ಇಲ್ಲವೋ ಆ ಸಂಗತಿ ಸಿಸ್ಟಮ್ಮಿನ ಮಟ್ಟಿಗೆ ಈ ಲೋಕದಲ್ಲೇ ಇಲ್ಲ. ನಮ್ಮ ಉತಾರ ನೋಡಿ. ಸರ್ವೆ ನಂಬರು ಇದೆ, ಹಿಸ್ಸಾ ಇದೆ, ಖರಾಬು ಇದೆ, ಮಣ್ಣಿನ ನಮೂನೆ ಕೂಡ ಇದೆ. ಸೊಸೈಟಿಯಲ್ಲಿ ಎತ್ತಿದ ಬೆಳೆಸಾಲ 11ನೇ ಕಾಲಂನಲ್ಲಿ ಕೂತು, ತೀರಿಸೋವರೆಗೂ ಕಾಡುತ್ತೆ. ಆದ್ರೆ ಈ ನೆಲದ ಮೇಲೆ ಡೋಣಿಯದೂ ಒಂದು ಹಕ್ಕಿದೆ, ಅದು ಹತ್ತು ಹದಿನೈದು ವರ್ಷಕ್ಕೊಮ್ಮೆ ಬಂದು ವಸೂಲಿ ಮಾಡುತ್ತೆ ಅನ್ನೋದು ಯಾವ ಕಾಲಂನಲ್ಲೂ ಇಲ್ಲ. ಹಳ್ಳದ ಪಾತ್ರವನ್ನ ಮಾತ್ರ ಬಿ ಖರಾಬು ಅಂತ ಬಿಟ್ಟಿದ್ದಾರೆ. ಪಾತ್ರ ಅಂದ್ರೆ ಹೊಳೆ ಮಲಗೋ ಜಾಗ. ಎದ್ದು ಕೈಕಾಲು ಚಾಚಿದಾಗ ಬೇಕಾದ ಜಾಗವನ್ನ ಯಾರೂ ಅಳೆದಿಟ್ಟಿಲ್ಲ.

ಇದನ್ನೆಲ್ಲ ಅಳೆಯೋದು ಕಷ್ಟ, ನಮ್ಮ ಸರ್ಕಾರದ ಕೈಲಿ ಆಗದ ಕೆಲಸ ಅಂತೀರಾ? ಹಾಗಾದ್ರೆ ನಮ್ಮ ಪಕ್ಕದ ಬಸವನ ಬಾಗೇವಾಡಿ ಕಡೆ ಬನ್ನಿ. ಅಲ್ಲಿ ಆಲಮಟ್ಟಿ ಇದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಯೋಜನೆ. ಹಳೆ ಕೊಲ್ಹಾರ ಅದರ ಹಿನ್ನೀರಿನಲ್ಲಿ ಮುಳುಗಿ ಹೊಸ ಕೊಲ್ಹಾರ ಹುಟ್ಟಿತು. ಈಗ ಅಣೆಕಟ್ಟಿನಲ್ಲಿ ನೀರು ನಿಲ್ಲಿಸೋ ಮಟ್ಟ 519.60 ಮೀಟರ್. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮಟ್ಟ 524.256 ಮೀಟರ್. ಈ ಸಂಖ್ಯೆಯನ್ನ ನಮ್ಮ ಕಡೆ ಚಹಾದಂಗಡಿಯವನೂ ಬಾಯಿಪಾಠ ಹೇಳ್ತಾನೆ. ಚುಕ್ಕಿ ಆದ ಮೇಲೆ ಮೂರು ಅಂಕಿ ನೋಡಿ, ಮಿಲಿಮೀಟರ್ ಲೆಕ್ಕ! ಯಾವ ಹೊಲ ಆ ಗೆರೆಯ ಒಳಗೆ, ಯಾವುದು ಹೊರಗೆ ಅನ್ನೋದರ ಮೇಲೆ ಪರಿಹಾರ ನಿಂತಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗಡೆ ಆಗೋ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ ಅಂತ ತೀರ್ಮಾನ ಮಾಡಿತು.

ಅಂದ್ರೆ ನೀರು ಎಲ್ಲಿವರೆಗೆ ಬರುತ್ತೆ ಅಂತ ಗೆರೆ ಎಳೆಯೋದು ಬರುತ್ತೆ ನಮಗೆ. ಸರ್ಕಾರವೇ ನೀರು ನಿಲ್ಲಿಸೋದಾದ್ರೆ ಗೆರೆ ಇದೆ. ನೀರು ತಾನಾಗೇ ಬರೋದಾದ್ರೆ ಗೆರೆ ಇಲ್ಲ. ಕೃಷ್ಣೆ ಕಡೆ ಒಂದು ನ್ಯಾಯ, ಡೋಣಿ ಕಡೆ ಒಂದು ನ್ಯಾಯ.

ಇನ್ನು ಇಂಡಿ, ಸಿಂದಗಿ ಕಡೆ ಭೀಮಾ. (ಭೀಮಾತೀರ ಅಂದ್ರೆ ಬೆಂಗಳೂರಿನ ಗೆಳೆಯರಿಗೆ ಹಂತಕರಷ್ಟೇ ನೆನಪಾಗ್ತಾರೆ, ಏನ್ ಮಾಡೋದು!) ಮೇಲೆ ಮಹಾರಾಷ್ಟ್ರದಲ್ಲಿ ಉಜನಿ, ವೀರ್ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಕೆಳಗೆ ನಮ್ಮ ದಂಡೆಯ ಊರುಗಳಿಗೆ ನಡುಕ. 2020ರ ಅಕ್ಟೋಬರ್‌ನಲ್ಲಿ ಹಾಗೇ ಆಯ್ತು. ಐದೇ ವರ್ಷಕ್ಕೆ, 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಆಯ್ತು. ಮೊದಲು ಸಿಂದಗಿ ತಾಲೂಕಿನಲ್ಲಿದ್ದ, ಈಗ ಆಲಮೇಲ ತಾಲೂಕಿಗೆ ಸೇರಿದ ತಾರಾಪುರದ ಜನ ಎರಡೂ ಸಲ ಊರು ಬಿಟ್ಟು ಓಡಬೇಕಾಯ್ತು. ಅದೇ ನದಿಯ ಮೇಲೆ ದೇವಣಗಾಂವ ಸೇತುವೆ ಹತ್ತಿರ ಕೇಂದ್ರ ಜಲ ಆಯೋಗ ನೀರಿನ ಮಟ್ಟ ಅಳೆಯುತ್ತೆ. ಅಳೆದ ಅಂಕಿ ಇದೆ. ಆದ್ರೆ ಆ ಅಂಕಿ ಲೇಔಟ್ ಮಂಜೂರು ಮಾಡೋ ಮೇಜಿನ ಮೇಲೆ ಬರೋದಿಲ್ಲ. ಒಂದು ಇಲಾಖೆಯ ಡೇಟಾಬೇಸು ಇನ್ನೊಂದರ ಜತೆ ಮಾತೇ ಆಡಲ್ಲ. ನಮ್ಮ ಕಂಪನಿಗಳಲ್ಲೂ ಇದೇ ಕಥೆ ಅನ್ನಿ.

ಮೆಲ್ಬರ್ನ್ ಗೆಳೆಯನ ಮಾತಿಗೆ ವಾಪಸ್ ಬರ್ತೀನಿ. ಅಲ್ಲಿನವರು ಹುಟ್ಟುತ್ತಲೇ ಜಾಣರಾಗಿರಲಿಲ್ಲ. 2009ರ ಫೆಬ್ರವರಿ 7ರಂದು, ನಮ್ಮ ನೆರೆಗೆ ಎಂಟು ತಿಂಗಳ ಮೊದಲು, ವಿಕ್ಟೋರಿಯಾ ರಾಜ್ಯದಲ್ಲಿ ಕಾಡ್ಗಿಚ್ಚು ಎದ್ದು ಒಂದೇ ದಿನ ಮೇರಿಸ್‌ವಿಲ್‌ನಂಥ ಊರಿಗೆ ಊರೇ ಸುಟ್ಟು ಹೋಯ್ತು. 173 ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಮನೆ ಬೂದಿಯಾದವು. ರಾಯಲ್ ಕಮಿಷನ್ ಕೂತು 2010ರಲ್ಲಿ ವರದಿ ಕೊಟ್ಟಿತು. ಆಮೇಲೆ ಬೆಂಕಿಯ ನಕ್ಷೆಯನ್ನ ಭೂಬಳಕೆಯ ನಕ್ಷೆ ಮೇಲೇ ಹೊದಿಸಿದರು. ಆ ಹೊದಿಕೆಯ ಕೆಳಗೆ ಬರೋ ಜಾಗದಲ್ಲಿ ಮನೆ ಕಟ್ಟೋದಾದ್ರೆ ಅನುಮತಿ ಬೇರೆ, ಷರತ್ತು ಬೇರೆ. ಹಾಗಂತ ಅಲ್ಲೀಗ ಕಾಡಂಚಿನಲ್ಲಿ ಮನೆ ಕಟ್ಟೋದೇ ಇಲ್ಲ ಅಂತಲ್ಲ, ಕಟ್ತಾರೆ. ನನ್ನ ಗೆಳೆಯನೇ ಕಟ್ತಿದ್ದಾನಲ್ಲ! ಆದ್ರೆ ಗೊತ್ತಿದ್ದು ಕಟ್ತಾನೆ.

ಅದೇ ವರ್ಷದ ನೆರೆಯ ನಂತರ ನಾವೇನು ಮಾಡಿದ್ವಿ? 'ಆಸರೆ' ಯೋಜನೆ. ದಾನಿಗಳ ದುಡ್ಡು, ಸರ್ಕಾರದ ಜಾಗ, ಎತ್ತರದಲ್ಲಿ ಹೊಸ ಊರು. ಉದ್ದೇಶ ಒಳ್ಳೇದೇ. ಮನೆಗಳೂ ಆದವು. ಆದ್ರೆ ನಮ್ಮ ಕಡೆ ಎಷ್ಟೋ ಆಸರೆ ಮನೆಗಳಿಗೆ ಜನ ಹೋಗಲಿಲ್ಲ. ದನ ಕಟ್ಟೋಕೆ ಕೊಟ್ಟಿಗೆ ಇಲ್ಲ, ಕಣಕಿ ಒಟ್ಟೋಕೆ ಜಾಗ ಇಲ್ಲ, ಹೊಲ ದೂರ, ಅಣ್ಣತಮ್ಮಂದಿರು ಬೇರೆ ಬೇರೆ ಓಣಿಗೆ ಬಿದ್ದರು. ನನ್ನ ಸೋದರಮಾವನ ಆಸರೆ ಮನೆಯಲ್ಲಿ ಇವತ್ತಿಗೂ ಇರೋದು ಹೊಟ್ಟಿನ ಚೀಲ. ಅವರು ಹಳೇ ಮನೆಯ ಗೋಡೆ ಮತ್ತೆ ಎಬ್ಬಿಸಿ ಅಲ್ಲೇ ಇದ್ದಾರೆ. ಮುಳುಗೋ ಊರು ಅಂತ ಹೇಳಿ ಹೊಸ ಊರು ಕಟ್ಟಿದ್ದಾಯ್ತು, ಹಳೇ ಊರಲ್ಲಿ ಹೊಸ ಮನೆಗಳೂ ಎದ್ದವು. ಕಳೆದ ನೆರೆಯಲ್ಲಿ ಕೆಟ್ಟ ಮನೆಗಳ ಬಗ್ಗೆ ಯೋಚನೆ ಮಾಡಿದ್ವಿ, ಮುಂದಿನ ನೆರೆಗೆ ಸಿಗೋ ಮನೆಗಳನ್ನ ತಡೆಯೋದು ಮರೆತ್ವಿ.

ನಮ್ಮ ದೇಶದಲ್ಲಿ ಈ ವಿಚಾರ ಯಾರಿಗೂ ಹೊಳೆದೇ ಇಲ್ಲ ಅಂತಲ್ಲ. ನೆರೆ ಬರುವ ಬಯಲನ್ನ ಗುರುತಿಸಿ, ಅಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಅಂತ ವಲಯ ಮಾಡಿ ಅಂತ ಕೇಂದ್ರವು 1975ರಲ್ಲೇ ಒಂದು ಮಾದರಿ ಮಸೂದೆ ಮಾಡಿ ರಾಜ್ಯಗಳಿಗೆ ಕಳಿಸಿತ್ತು. ಅಂದ್ರೆ ಐವತ್ತು ವರ್ಷದ ಹಿಂದೆ! ಕಾಯ್ದೆ ಮಾಡಿದ ರಾಜ್ಯಗಳು ಬೆರಳೆಣಿಕೆ. ಮಣಿಪುರ 1978, ರಾಜಸ್ಥಾನ 1990, ಆಮೇಲೆ ಉತ್ತರಾಖಂಡದಂಥವು. ಆ ಪಟ್ಟಿಯಲ್ಲಿ ಕರ್ನಾಟಕ ಇಲ್ಲ. ಭೀಮಾ ದಾಟಿ ಮಹಾರಾಷ್ಟ್ರಕ್ಕೆ ಹೋದ್ರೆ ಅಲ್ಲಿ ನದಿಗಳಿಗೆ ನೀಲಿ ಗೆರೆ, ಕೆಂಪು ಗೆರೆ ಅಂತ ಇವೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೀರು ನೀಲಿ, ನೂರು ವರ್ಷಕ್ಕೊಮ್ಮೆ ಬರಬಹುದಾದದ್ದು ಕೆಂಪು. ಅಲ್ಲೂ ಗೆರೆ ದಾಟಿ ಕಟ್ತಾರೆ. 2019ರಲ್ಲಿ ಕೊಲ್ಹಾಪುರ, ಸಾಂಗ್ಲಿ ಮುಳುಗಿದ್ದನ್ನ ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ಆದ್ರೆ ಗೆರೆ ಇದ್ದರೆ, ದಾಟಿದವರು ಯಾರು, ದಾಟಲು ಬಿಟ್ಟವರು ಯಾರು ಅಂತ ಕೇಳೋಕಾದ್ರೂ ಆಗುತ್ತೆ. ಗೆರೆಯೇ ಇಲ್ಲದ ಕಡೆ ಯಾರನ್ನ ಕೇಳೋದು?

ಇದು ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲದ್ದಕ್ಕೆ ಆಗೋದು ಅನ್ನೋರಿಗೆ ಒಂದು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರಿನಲ್ಲಿ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೆನಪಿದೆಯಾ? ಲಕ್ಷಗಟ್ಟಲೆ ಸಂಬಳದವರು, ಕೋಟಿಗಟ್ಟಲೆ ಮನೆಯವರು. ಕಾಗದ ಎಲ್ಲ ವಕೀಲರ ಕೈಲಿ ನೋಡಿಸಿಯೇ ಕೊಂಡಿರ್ತಾರೆ. ಕಾಗದದಲ್ಲಿ ನೀರು ಇರಲಿಲ್ಲ, ಮನೆಯಲ್ಲಿತ್ತು.

ಈಗ ಕಷ್ಟದ ಭಾಗ. ನಮ್ಮ ಮನೆಯ ಜಗಳ.

ನಾನು ಊರಿಗೆ ಹೋಗಿ 'ಮಾರೋದು ಬ್ಯಾಡ' ಅಂದೆ. ಕಾಕಾ ಸಿಟ್ಟಾಗಲಿಲ್ಲ, ಮೆಲ್ಲಗೆ ಕೇಳಿದ: "ತಮ್ಮಾ, ನಿನಗ ಬೆಂಗಳೂರಾಗ ಪಗಾರ ಅದ. ನಿಮ್ಮ ಅಪ್ಪಗ ಪೆನ್ಶನ್ ಅದ. ನನಗ ಈ ಹೊಲ ಬಿಟ್ಟ್ರ ಏನದ ಹೇಳು? ನೀರ್ ಬಂದ ವರ್ಷ ಬೆಳಿ ಹೋಗ್ತದ, ಬರಲಿಲ್ಲಂದ್ರ ಮಳಿ ಇಲ್ಲ. ಇಬ್ಬರು ಹೆಣಮಕ್ಕಳ ಮದಿವಿ ಸಾಲ ಹಂಗ ಅದ. ಎಲ್ಲಾರೂ ಮಾರ್ಕೊಳ್ಳಾಕತ್ತಾರ, ನಾ ಒಬ್ಬನೇ ಧರ್ಮರಾಯ ಆಗಬೇಕೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಪೂರ್ತಿ ಉತ್ತರ ಇಲ್ಲ. ಗೆರೆ ಎಳೆಯಿರಿ ಅಂತ ಬ್ಲಾಗಿನಲ್ಲಿ ಬರೆಯೋದು ಸುಲಭ. ಆ ಗೆರೆ ಮೊದಲು ಬೀಳೋದು ಕಾಕಾನಂಥವರ ಹೊಟ್ಟೆ ಮೇಲೆ. ಗೆರೆಯೊಳಗಿನ ಹೊಲದ ರೇಟು ಮರುದಿನವೇ ಇಳಿಯುತ್ತೆ. ಆಲಮಟ್ಟಿ ಗೆರೆಯೊಳಗಿದ್ದವನಿಗೆ ಪರಿಹಾರ, ಡೋಣಿ ಗೆರೆಯೊಳಗಿದ್ದವನಿಗೆ ಬರೀ ನಷ್ಟ ಅಂದ್ರೆ ಯಾವ ರೈತ ಒಪ್ಪುತ್ತಾನೆ?

ಆದ್ರೆ ಇನ್ನೊಂದು ಬದಿಯೂ ಇದೆ. ಆ ಎಂಬತ್ತು ಪ್ಲಾಟ್ ಯಾರು ಕೊಳ್ತಾರೆ? ಗೋವಾ, ಪುಣೆಗೆ ದುಡಿಯೋಕೆ ಹೋಗಿ ಹತ್ತು ವರ್ಷ ಕೂಡಿಟ್ಟು ಬಂದವನು. ಅಂಗನವಾಡಿ ಟೀಚರು. ಟಂಟಂ ಓಡಿಸೋನು. ಅವರೆಲ್ಲ ಬಂದು ನೋಡೋದು ಏಪ್ರಿಲ್-ಮೇ ತಿಂಗಳಲ್ಲಿ, ಎರಿ ನೆಲ ಬಿರುಕು ಬಿಟ್ಟು ಒಣಗಿರೋವಾಗ. ಗರಸು ಹಾಕಿ, ಸುಣ್ಣದ ಗೆರೆ ಹೊಡೆದು, ಕಮಾನು ಕಟ್ಟಿರ್ತಾರೆ. ಅಲ್ಲಿ ನಿಂತು ಜಾಲಿ ಟೊಂಗೆಯಲ್ಲಿ ಸಿಕ್ಕಿದ್ದ ಕೊಡ ಅವರಿಗೆ ಹೇಗೆ ಕಾಣಬೇಕು? ಅದು ಗೊತ್ತಿರೋದು ನಮಗೆ ಮಾತ್ರ.

ಗಂಭೀರವಾಗಿ ಹುಡುಕಿದಾಗ ಒಂದು ಹಳೇ ಕಾನೂನು ಸಿಕ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ. ಆಸ್ತಿಯಲ್ಲಿ ಮಾರುವವನಿಗೆ ಗೊತ್ತಿರೋ, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದ್ರೂ ತಿಳಿಯದ ದೊಡ್ಡ ದೋಷವಿದ್ದರೆ ಮಾರುವವನು ಹೇಳಬೇಕು ಅನ್ನುತ್ತೆ ಅದು. ಬೇರೆ ಥರ ಕರಾರು ಮಾಡಿಕೊಂಡಿದ್ದರೆ ಆ ಮಾತು ಬೇರೆ ಅಂತ ಅಲ್ಲೇ ಒಂದು ಕಿಂಡಿಯೂ ಇದೆ. ನೀರು ನಿಲ್ಲೋದು 'ದೋಷ'ವೋ ಅಲ್ಲವೋ ಅಂತ ವಕೀಲರು ಎಷ್ಟಾದರೂ ವಾದ ಮಾಡಲಿ. ಆ ವಾಕ್ಯ ಓದಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಅಪ್ಪನ ಎದೆ ಮಟ್ಟದ ಕಣಕಿ. ವಿಕ್ಟೋರಿಯಾದಲ್ಲಿ ಫಾರ್ಮಿನಲ್ಲೇ ಇರೋ ಪ್ರಶ್ನೆ ನಮ್ಮಲ್ಲಿ ಮಾರುವವನ ಮನಸ್ಸಾಕ್ಷಿಗೆ ಬಿಟ್ಟಿದ್ದಾರೆ. ಮನಸ್ಸಾಕ್ಷಿಗೆ ಮದುವೆ ಸಾಲವೂ ಇರುತ್ತೆ.

ಏಜೆಂಟ್ ಹತ್ತಿರವೂ ಉತ್ತರ ಇತ್ತು. "ಮಾಸ್ತರ್ರ, ಮೂರು ಫೂಟು ಗರಸು ಹೊಡಿಸಿ ಎತ್ತರ ಮಾಡ್ತೀವ್ರಿ. ಆಮ್ಯಾಲ ನೀರು ಎಲ್ಲಿಂದ ಬರ್ತದ್ರಿ?" ಸರಿ. ಎದೆ ಮಟ್ಟದ ನೀರಿಗೆ ಮೂರು ಫೂಟು ಸಾಲುತ್ತಾ ಅನ್ನೋದು ಒಂದು. ಇನ್ನೊಂದು, ನೀರು ಬರೋದಂತೂ ಬರುತ್ತೆ, ನಮ್ಮ ನಾಲ್ಕು ಎಕರೆಯಲ್ಲಿ ನಿಲ್ಲಬೇಕಾದದ್ದು ಎಲ್ಲಿಗೆ ಹೋಗುತ್ತೆ? ನಮ್ಮ ಹೊಲದ ಕೆಳಗೆ ಜನತಾ ಮನೆಗಳಿವೆ. 2009ರಲ್ಲಿ ಅವುಗಳ ಹೊಸ್ತಿಲವರೆಗೆ ಬಂದು ನಿಂತಿತ್ತು ನೀರು. ನಾವು ಎತ್ತರ ಮಾಡಿ ಸುತ್ತ ಕಂಪೌಂಡ್ ಕಟ್ಟಿದರೆ ಮುಂದಿನ ಸಲ ಅದು ಹೊಸ್ತಿಲು ದಾಟುತ್ತೆ. ಇದಕ್ಕೆ ದೊಡ್ಡ ಹೈಡ್ರಾಲಿಕ್ಸ್ ಬೇಡ, ತುಂಬಿದ ಬುಟ್ಟಿಯಲ್ಲಿ ಇಟ್ಟಿಗೆ ಇಟ್ಟು ನೋಡಿ ಸಾಕು.

ಹಾಗಾದ್ರೆ ಏನು ಮಾಡಬೇಕು ಅಂತೀಯಾ ಅಂದ್ರೆ, ನನ್ನ ಬೇಡಿಕೆ ಸಣ್ಣದು.

ಮೊದಲನೇದು, ಉತಾರಕ್ಕೆ ಒಂದು ಕಾಲಂ. ಕರ್ನಾಟಕ 'ಭೂಮಿ' ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಹಾಕಿದ ರಾಜ್ಯ. ಇದು 2000ದ ಆಸುಪಾಸಿನಲ್ಲೇ, ಎಷ್ಟೋ ರಾಜ್ಯಗಳು ಕಣ್ಣು ಬಿಡೋ ಮೊದಲು. ಈಗ ದಿಶಾಂಕ್ ಆ್ಯಪ್ ಇದೆ, ಹೊಲದಲ್ಲಿ ನಿಂತು ಮೊಬೈಲ್ ತೆಗೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ಹೇಳುತ್ತೆ. ನೆರೆ ಬಂದಾಗ ಉಪಗ್ರಹದಿಂದ ತೆಗೆದ ಮುಳುಗಡೆ ನಕ್ಷೆಗಳು ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರದಲ್ಲಿವೆ. ಮಳೆಯ ಅಂಕಿ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಪಂಚಾಯ್ತಿ ಮಟ್ಟದವರೆಗೂ ಇದೆ. ಇವನ್ನ ಒಂದರ ಮೇಲೊಂದು ಹೊದಿಸಿ 'ಈ ಸರ್ವೆ ನಂಬರಿನಲ್ಲಿ ಇಂಥ ವರ್ಷ ನೀರು ನಿಂತಿತ್ತು' ಅಂತ ಒಂದು ಸಾಲು ಬರೆಯೋದು ರಾಕೆಟ್ ವಿಜ್ಞಾನ ಅಲ್ಲ. ಉಪಗ್ರಹಕ್ಕೆ ಮೋಡ ಅಡ್ಡ ಬಂದಿದ್ದರೆ ಊರ ಹಿರಿಯರನ್ನ ಕೇಳಿ. ಪ್ರತಿ ಊರಲ್ಲೂ ಒಂದು ಜಾಲಿ ಗಿಡ ಇರುತ್ತೆ.

ಎರಡನೇದು, ಆ ಸಾಲು ಇರೋ ಜಮೀನಿಗೆ ಎನ್.ಎ. ಕೇಳಿದಾಗ ನೀರಾವರಿ ಇಲಾಖೆಯ ಇಂಜಿನಿಯರು ಸ್ಥಳಕ್ಕೆ ಬಂದು ಬರವಣಿಗೆಯಲ್ಲಿ ಹೇಳಬೇಕು. ನಿಗದಿತ ದಿನದೊಳಗೆ ಉತ್ತರ ಬರದಿದ್ದರೆ ಮಂಜೂರಾದಂತೆ ಅನ್ನೋ ಸವಲತ್ತು ಇಂಥ ಜಮೀನಿಗೆ ಇರಬಾರದು. ಹೊಳೆಗೆ ಗಡುವು ಗೊತ್ತಿಲ್ಲ. ಹಾಗಂತ ಪೂರ್ತಿ ಬೇಡ ಅನ್ನೋದೂ ಬೇಕಿಲ್ಲ. ರಸ್ತೆ ಬದಿಯ ಎತ್ತರದ ಪಟ್ಟಿಯಲ್ಲಿ ಮನೆ, ತಗ್ಗಿನಲ್ಲಿ ಲೇಔಟಿನ ಪಾರ್ಕು, ಆಟದ ಬಯಲು. ಹೇಗೂ ಬಯಲು ಜಾಗ ಬಿಡಲೇಬೇಕಲ್ಲ, ಹೊಳೆ ಬರೋ ಕಡೆ ಬಿಡಿ. ಮನೆಯ ಬುನಾದಿ ಯಾವ ಮಟ್ಟಕ್ಕಿರಬೇಕು ಅಂತ ನಕ್ಷೆಯಲ್ಲೇ ಬರೀರಿ.

ಮೂರನೇದು, ಗೆರೆಯೊಳಗೆ ಸಿಕ್ಕ ರೈತನ ಪಾಲು. ಅವನ ಹೊಲ ಹೊಳೆ ನೀರಿಗೆ ಜಾಗ ಕೊಟ್ಟು ಊರು ಉಳಿಸುತ್ತೆ. ಅದಕ್ಕೆ ಬೆಲೆ ಇದೆ. ಬೆಳೆ ಹೋದ ವರ್ಷ ಅವನಿಗೆ ತಕರಾರಿಲ್ಲದ ಪರಿಹಾರ, ಬೇಕೆಂದವನಿಗೆ ಸರ್ಕಾರವೇ ಕೊಳ್ಳುವ ದಾರಿ. ಇದನ್ನೂ ನಾನು ಹುಟ್ಟಿಸಿದ್ದಲ್ಲ, ಹೆಚ್ಚು ಅಪಾಯದ ಜಾಗ ಬಿಟ್ಟು ಹೋಗುವವರಿಂದ ಸರ್ಕಾರ ಕೊಳ್ಳಲಿ ಅಂತ ವಿಕ್ಟೋರಿಯಾದ ಆ ಕಮಿಷನ್ ಕೂಡ ಹೇಳಿತ್ತು. ಪ್ರತಿ ನೆರೆ ಆದ ಮೇಲೆ ಬಿದ್ದ ಮನೆಗಳಿಗೆ ಕೊಡೋ ದುಡ್ಡಿನ ಪಕ್ಕ ಇಟ್ಟು ನೋಡಿದ್ರೆ ದುಬಾರಿ ಅನಿಸೋದಿಲ್ಲ.

ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ನಕ್ಕ. "ಇನ್ನೊಂದು ಕಾಲಂ ಅಂದ್ರೆ ಇನ್ನೊಂದು ಟೇಬಲ್, ಇನ್ನೊಂದು ಕವರ್. ಗೆರೆ ಸರಿಸೋಕೆ ಎಷ್ಟು ಅಂತ ರೇಟ್ ಫಿಕ್ಸ್ ಆಗುತ್ತೆ ಅಷ್ಟೇ." ನಿಜವೇ ಇರಬಹುದು. ಅದಕ್ಕೇ ಆ ಗೆರೆ ಫೈಲಿನೊಳಗೆ ಇರಬಾರದು, ಎಲ್ಲರ ಮೊಬೈಲಿನಲ್ಲಿರಬೇಕು. ಇಡೀ ಊರು ನೋಡೋ ಗೆರೆಯನ್ನ ರಾತ್ರೋರಾತ್ರಿ ಸರಿಸೋದು ಕಷ್ಟ. ಪಹಣಿ ಮೊಬೈಲಿಗೆ ಬಂದ ಮೇಲೆ ಮೊದಲಿನಷ್ಟು ಆಟ ನಡೆಯಲ್ಲ ಅಂತ ಅಪ್ಪನೇ ಹೇಳ್ತಾನೆ.

ಕೊನೆಗೆ ಏನಾಯ್ತು ಅಂತ ಹೇಳದೆ ಮುಗಿಸಬಾರದು.

ಅಪ್ಪ ಮೂವತ್ತೈದು ವರ್ಷ ಪ್ರೈಮರಿ ಶಾಲೆ ಮಾಸ್ತರಿಕೆ ಮಾಡಿದವನು. ಹೆಚ್ಚು ಮಾತಿಲ್ಲ. ಏಜೆಂಟ್ ಸಂಚಕಾರದ ದುಡ್ಡು ತಂದ ದಿನ ಅವನೆದುರು ಕೂತು, "ಕರಾರಿನಾಗ ಒಂದು ಸಾಲು ಹಾಕ್ರಿ. 2009ರಾಗ ಈ ಹೊಲದಾಗ ಎದಿಮಟ್ಟ ನೀರ್ ನಿಂತಿತ್ತು ಅಂತ. ಪ್ಲಾಟ್ ತಗೊಳ್ಳೋರಿಗೂ ಇದನ್ನ ಓದಿ ಹೇಳ್ಬೇಕು ಅಂತ. ಆಮ್ಯಾಲ ಸಹಿ ಮಾಡ್ತೀನಿ" ಅಂದ. ಏಜೆಂಟ್ ನಕ್ಕ. "ಮಾಸ್ತರ್ರ, ಹಂಗ ಬರದ್ರ ಯಾರ್ ತಗೋತಾರ್ರಿ?" ಅಪ್ಪ, "ಅದನ್ನ ಅವರ ಹೇಳ್ಲಿ" ಅಂದ. ಏಜೆಂಟ್ ದುಡ್ಡು ಎತ್ತಿಕೊಂಡು ಹೋದ. ಕಾಕಾ ಅವತ್ತಿನಿಂದ ನಮ್ಮ ಮನೆಯ ಚಹಾ ಕುಡೀತಿಲ್ಲ. ಅವನ ಸಾಲದಲ್ಲಿ ಒಂದು ಭಾಗ ನಾನು ತೀರಿಸ್ತೀನಿ ಅಂತ ಅವ್ವನ ಕೈಲಿ ಹೇಳಿ ಕಳಿಸಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಈ ಸಲದ ಎಳ್ಳಮಾಸಿಗೆ ಚರಗ ಚೆಲ್ಲೋಕೆ ಹೊಲಕ್ಕೆ ಹೋಗಿದ್ವಿ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಎಲ್ಲ ಇತ್ತು, ಕಾಕಾ ಮಾತ್ರ ಇರಲಿಲ್ಲ. ನಮ್ಮ ಹೊಲದಲ್ಲಿ ಬಿಳಿಜೋಳ ಚೆನ್ನಾಗಿ ಎದ್ದಿತ್ತು. ಒಡ್ಡಿನ ಆಚೆ, ಹಳ್ಳಕ್ಕೆ ನಮಗಿಂತ ತಗ್ಗಿನಲ್ಲಿರೋ ಪಕ್ಕದ ಹೊಲದಲ್ಲಿ ಜೋಳ ಇರಲಿಲ್ಲ. ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು, ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ ನಂಬರು. ಅದೇ ಏಜೆಂಟು. ಅಪ್ಪ ಅವನ್ನ ಎಣಿಸಿ, "ಅರವತ್ನಾಕು ಅದಾವ" ಅಂದು ಚರಗ ಚೆಲ್ಲೋಕೆ ಮುಂದೆ ಹೋದ.

ಒಬ್ಬ ಮಾಸ್ತರು ಒಂದು ಸಾಲು ಬರೆಸೋಕೆ ಹೋಗಿ ಸಾಧಿಸಿದ್ದು ಇಷ್ಟು: ಅಪಾಯ ಒಂದು ಒಡ್ಡು ಆಚೆಗೆ ಸರಿಯಿತು. ಅದಕ್ಕೇ ಆ ಸಾಲನ್ನ ಬರೆಯೋದು ಮಾರುವವನ ಮರ್ಜಿಗೆ ಬಿಡಬಾರದು, ಸರ್ಕಾರದ ಕಾಗದದಲ್ಲೇ ಇರಬೇಕು ಅನ್ನೋದು.

ನಿಮ್ಮೂರಲ್ಲೂ ಇಂಥ ಹೊಲ, ಇಂಥ ಲೇಔಟು ಇರುತ್ತೆ. ನೀರು ಎಲ್ಲಿವರೆಗೆ ಬಂದಿತ್ತು ಅಂತ ನಿಮ್ಮ ಅಜ್ಜನೋ ಆಯಿಯೋ ತೋರಿಸಿದ ಜಾಗ ಇದೆಯಾ? ಇದ್ದರೆ ಊರ ಹೆಸರು, ವರ್ಷ ಹಾಕಿ ಬರೀರಿ. ಕಾಲಂ ಬರೋವರೆಗೆ ಇಲ್ಲಾದರೂ ದಾಖಲಾಗಿರಲಿ.